ನೆರಳಚ್ಚಿನ ಪುಸ್ತಕವೂ ಏಳನೆಯ ಆಜ್ಞೆಯೂ



ಐರಣಿಯ ಒಬ್ಬ ತಾಯಿ ನನಗೊಂದು ಪ್ರಶ್ನೆ ಕೇಳಿ ಎರಡು ತಿಂಗಳಾಯಿತು. ನಾನಿನ್ನೂ ಉತ್ತರ ಕೊಟ್ಟಿಲ್ಲ. ಕೇಳಿದ ಕೂಡಲೇ ಬಾಯಿಗೆ ಬಂದ ಉತ್ತರವನ್ನು ಕೊಟ್ಟುಬಿಟ್ಟಿದ್ದರೆ ಅದು ತಪ್ಪಾಗುತ್ತಿತ್ತೆಂದು ಈಗ ಅನ್ನಿಸುತ್ತಿದೆ. ಆದ್ದರಿಂದ ಆ ಪ್ರಶ್ನೆಯನ್ನು ನಿಮ್ಮ ಮುಂದೆಯೂ ಇಟ್ಟು, ನಿಮ್ಮೊಂದಿಗೇ ಯೋಚಿಸಲು ಹೊರಟಿದ್ದೇನೆ.

ಆಕೆಯ ಮಗಳು ತುಂಗಭದ್ರೆಯ ದಂಡೆಯ ಆ ಊರಿನಿಂದ ದಿನವೂ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗಿ ಪದವಿ ಓದುತ್ತಾಳೆ. ತಾಯಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುವವರು. ರಾಣೆಬೆನ್ನೂರು, ಬ್ಯಾಡಗಿ ಸೀಮೆಯವರಿಗೆ ಈ ಕೆಲಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡು ಸಾಲಿನ ಹೂವಿನಿಂದ ಪರಾಗ ತೆಗೆದು, ಹೆಣ್ಣು ಸಾಲಿನ ಹೂವಿಗೆ ಒಂದೊಂದಾಗಿ ಕೈಯಾರೆ ಮುಟ್ಟಿಸಬೇಕು. ತಂದೆಬೀಜ, ತಾಯಿಬೀಜ ಎರಡೂ ಕಂಪನಿಯವು; ಬೆಳೆದು ಬಂದ ಸಂಕರಬೀಜವನ್ನೂ ತೂಕ ಮಾಡಿ ಕಂಪನಿಗೇ ಒಪ್ಪಿಸಬೇಕು. ಹೊಲ ನಮ್ಮದು, ಬೆವರು ನಮ್ಮದು, ಬೀಜದೊಳಗಿನ ಗುಟ್ಟು ಮಾತ್ರ ಅವರದು.

ಒಂದು ಸಂಜೆ ಮಗಳು ಒಂದು ದಪ್ಪ ಪುಸ್ತಕದ ನೆರಳಚ್ಚು ತಂದಳು. ಅಂಗಡಿಯಲ್ಲಿ ಅದರ ಬೆಲೆ 800 ರೂಪಾಯಿ. ಜೆರಾಕ್ಸ್ ಅಂಗಡಿಯವನು ಸುರುಳಿ ತಂತಿ ಹಾಕಿ 260 ರೂಪಾಯಿಗೆ ಕೊಟ್ಟಿದ್ದ. ತಾಯಿ ನನ್ನನ್ನು ಕೇಳಿದರು: “ಫಾದರ್, ಕಂಪನಿ ಬೀಜ ಒಂದು ಹಿಡಿ ಮನಿಗೆ ಒಯ್ದರ ಕಳವು ಅಂತಾರ. ನನ್ನ ಮಗಳು ಇಡೀ ಪುಸ್ತಕಾನ ಜೆರಾಕ್ಸ್ ಮಾಡಿಸ್ಯಾಳ. ಇದೂ ಕಳವ ಏನ್ರೀ?”

ದಶಾಜ್ಞೆಗಳಲ್ಲಿ ಏಳನೆಯದನ್ನು ಧರ್ಮೋಪದೇಶದ ತರಗತಿಯಲ್ಲಿ ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಆದರೂ ಆಕೆಯ ಮುಂದೆ ನಾಲಿಗೆ ತಡವರಿಸಿತು. ಕಾರಣ ಹೇಳಿಬಿಡುತ್ತೇನೆ. ಸೆಮಿನರಿಯಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರ ಓದುವಾಗ ನಾವು ಹಿಡಿದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ನೀಲಿ ರೆಕ್ಸಿನ್ ಹೊದಿಕೆಯ ನೆರಳಚ್ಚುಗಳೇ ಆಗಿದ್ದವು. ಯೂರೋಪಿನಲ್ಲಿ ಅಚ್ಚಾದ ಆ ಗ್ರಂಥಗಳ ಬೆಲೆ ನಮ್ಮ ಮನೆಯವರ ತಿಂಗಳ ಸಂಪಾದನೆಗಿಂತ ಹೆಚ್ಚು. ನೀತಿಶಾಸ್ತ್ರದ ಪಠ್ಯವನ್ನೂ ನಾನು ಹಾಗೆಯೇ ಓದಿದೆ. ಇನ್ನು ನಮ್ಮ ಗಾಯನ ವೃಂದಗಳ ಹಾಡಿನ ಪುಸ್ತಕಗಳು! ಯಾರೋ ಬರೆದ, ಯಾರೋ ರಾಗ ಹಾಕಿದ ಗೀತೆಗಳನ್ನು ಕೇಳದೆ ನೂರು ಪ್ರತಿ ತೆಗೆದು ಹಂಚಿದ್ದೇವೆ. ಬರೆದವರ ಹೆಸರನ್ನೂ ಕೆಳಗೆ ಹಾಕಿಲ್ಲ. ಕಲ್ಲೆಸೆಯುವ ಹಕ್ಕು ನನಗಂತೂ ಇಲ್ಲ.

ಇದೇ ಪ್ರಶ್ನೆ ದೆಹಲಿಯ ನ್ಯಾಯಾಲಯದಲ್ಲಿ ಐದು ವರ್ಷ ನಡೆಯಿತೆಂಬುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಎಂಬ ಪುಟ್ಟ ಅಂಗಡಿ. ಅಧ್ಯಾಪಕರು ಸೂಚಿಸಿದ ಪುಸ್ತಕಗಳಿಂದ ಬೇಕಾದ ಅಧ್ಯಾಯಗಳನ್ನಷ್ಟೇ ನೆರಳಚ್ಚು ತೆಗೆದು ಒಂದು ಕಟ್ಟಾಗಿ ವಿದ್ಯಾರ್ಥಿಗಳಿಗೆ ಕೊಡುವುದು ಅದರ ಕೆಲಸ. 2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಆಂಡ್ ಫ್ರಾನ್ಸಿಸ್ ಎಂಬ ಪ್ರಕಾಶನ ಸಂಸ್ಥೆಗಳು ಆ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. ವಿದ್ಯಾರ್ಥಿಗಳ ಒಂದು ಸಂಘ, ಅಧ್ಯಾಪಕರ ಒಂದು ಸಂಘ ಅಂಗಡಿಯ ಪರವಾಗಿ ನ್ಯಾಯಾಲಯಕ್ಕೆ ಬಂದವು. ವಿಚಿತ್ರವೆಂದರೆ, ಪುಸ್ತಕ ಬರೆದವರೇ ಪ್ರಕಾಶಕರ ಜೊತೆಗಿರಲಿಲ್ಲ. ಅಮರ್ತ್ಯ ಸೇನರು ದಾವೆ ಹಿಂತೆಗೆದುಕೊಳ್ಳಿರೆಂದು ಪ್ರಕಾಶಕರಿಗೆ ಪತ್ರ ಬರೆದರು. ದೇಶವಿದೇಶಗಳ 300ಕ್ಕೂ ಹೆಚ್ಚು ವಿದ್ವಾಂಸರು ಅದನ್ನೇ ಕೋರಿದರು. ಅವರಲ್ಲಿ ಹಲವರ ಬರಹಗಳು ಆ ಕಟ್ಟುಗಳಲ್ಲಿಯೇ ಇದ್ದವು.

ಆ ವಾದಕ್ಕೆ ಬೆನ್ನೆಲುಬಾಗಿ ನಿಂತ ಕಾನೂನು ಪ್ರಾಧ್ಯಾಪಕರಲ್ಲಿ ಒಬ್ಬರು ಶಮ್ನಾದ್ ಬಷೀರ್. ಕೇರಳದಲ್ಲಿ ಹುಟ್ಟಿದವರು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದವರು, ಮುಂದೆ ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿ ಕೋಲ್ಕತಾದ ಕಾನೂನು ವಿಶ್ವವಿದ್ಯಾಲಯದಲ್ಲಿ ಬೌದ್ಧಿಕ ಆಸ್ತಿಯ ಪ್ರಾಧ್ಯಾಪಕರಾದವರು. ಔಷಧದ ಪೇಟೆಂಟ್ ಇರಲಿ, ಪುಸ್ತಕದ ಹಕ್ಕುಸ್ವಾಮ್ಯ ಇರಲಿ, ಬಡವನ ಕೈಗೆ ಅದು ಎಟುಕುತ್ತದೆಯೋ ಇಲ್ಲವೋ ಎಂದು ಕೇಳುವುದು ಅವರ ಅಭ್ಯಾಸ. 2010ರಲ್ಲಿ ಅವರು ಐಡಿಯಾ ಎಂಬ ಸಂಸ್ಥೆ ಕಟ್ಟಿದರು. ಹಳ್ಳಿಯ, ಬಡಕುಟುಂಬಗಳ, ಕಣ್ಣು ಕಾಣದ ಮಕ್ಕಳನ್ನು ಹುಡುಕಿ, ತರಬೇತಿ ಕೊಟ್ಟು, ದೊಡ್ಡ ಕಾನೂನು ಶಾಲೆಗಳಿಗೆ ಸೇರಿಸುವುದು ಅದರ ಕೆಲಸ. 2014ರಲ್ಲಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು. 2019ರ ಆಗಸ್ಟ್‌ನಲ್ಲಿ ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಬಳಿ ಕಾರಿನಲ್ಲಿ ಅವರು ಮೃತರಾಗಿ ಕಂಡುಬಂದರು. ಆಗ ಅವರಿಗೆ 43 ವರ್ಷ. ಅವರ ಎಲ್ಲ ವಾದಗಳನ್ನೂ ನಾನು ಒಪ್ಪುವುದಿಲ್ಲ, ಮುಂದೆ ಹೇಳುತ್ತೇನೆ. ಆದರೆ ಪುಸ್ತಕದ ಬೆಲೆ ಕೇಳಿ ಹಿಂದೆ ಸರಿಯುವ ವಿದ್ಯಾರ್ಥಿಯ ಮುಖ ಅವರ ಕಣ್ಣಮುಂದೆ ಸದಾ ಇತ್ತು ಎಂಬುದನ್ನು ಅವರ ಬದುಕು ನೋಡಿದರೆ ಒಪ್ಪಲೇಬೇಕು.

2016ರ ಸೆಪ್ಟೆಂಬರ್ 16ರಂದು ದೆಹಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅವರು ದಾವೆಯನ್ನು ವಜಾ ಮಾಡಿದರು. ಹಕ್ಕುಸ್ವಾಮ್ಯವು ದೇವರು ಕೊಟ್ಟ ಹಕ್ಕೂ ಅಲ್ಲ, ಪ್ರಕೃತಿಸಹಜ ಹಕ್ಕೂ ಅಲ್ಲ, ಜ್ಞಾನ ಬೆಳೆಯಲೆಂದು ಕಾನೂನು ಕೊಟ್ಟ ಹಕ್ಕು ಎಂಬುದು ಅವರ ಮಾತಿನ ತಿರುಳು. ದೇವರ ಹೆಸರು ತೀರ್ಪಿನಲ್ಲಿ ಬಂದದ್ದರಿಂದ ನನ್ನಂಥವನ ಕಿವಿ ನಿಮಿರುವುದು ಸಹಜವಷ್ಟೆ. ಅದೇ ವರ್ಷ ಡಿಸೆಂಬರ್ 9ರಂದು ದ್ವಿಸದಸ್ಯ ಪೀಠವೂ ಬೋಧನೆಗೆ ಎಷ್ಟು ಬೇಕೋ ಅಷ್ಟನ್ನು ನೆರಳಚ್ಚು ತೆಗೆಯಬಹುದೆಂಬ ತತ್ವವನ್ನು ಎತ್ತಿಹಿಡಿಯಿತು. ಆದರೆ ಇಡೀ ಪುಸ್ತಕವನ್ನೇ ನೆರಳಚ್ಚು ಮಾಡಿದರೆ ಹೇಗೆ ಎಂಬ ಪ್ರಶ್ನೆಯನ್ನು ವಿಚಾರಣೆಗೆ ಹಿಂದಕ್ಕೆ ಕಳುಹಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನೇ ಕೈಬಿಟ್ಟರು. ಆ ವಿಚಾರಣೆ ನಡೆಯಲೇ ಇಲ್ಲ.

ಕಂಡಿರಾ? ನಮ್ಮ ಐರಣಿಯ ತಾಯಿಯ ಪ್ರಶ್ನೆ ನಿಂತಿರುವ ಜಾಗಕ್ಕೇ ಬಂದು ನ್ಯಾಯಾಲಯವೂ ನಿಂತುಬಿಟ್ಟಿದೆ. ಅಧ್ಯಾಯವೆರಡು ಅಧ್ಯಾಯವಾಗಿದ್ದರೆ, ಅಧ್ಯಾಪಕರೇ ಸೂಚಿಸಿದ್ದರೆ, ತೊಂದರೆಯಿಲ್ಲ ಎನ್ನಬಹುದಿತ್ತು. ಹುಡುಗಿ ತಂದದ್ದು ಇಡೀ ಪುಸ್ತಕ. ಕಾನೂನು ಕೈಬಿಟ್ಟ ಕಡೆ ಮನಸ್ಸಾಕ್ಷಿಯೇ ಕೆಲಸ ಮಾಡಬೇಕು.

ಮೊದಲು ‘ಕಳವು’ ಎಂಬ ಮಾತನ್ನೇ ನೋಡೋಣ. ನಿಮ್ಮ ಎತ್ತನ್ನು ನಾನು ಹೊಡೆದುಕೊಂಡು ಹೋದರೆ ನಾಳೆ ನಿಮ್ಮ ಹೊಲ ಉಳುವುದಕ್ಕೆ ಎತ್ತಿಲ್ಲ. ನಿಮ್ಮ ಪುಸ್ತಕವನ್ನು ನಕಲು ಮಾಡಿಕೊಂಡರೆ ಪುಸ್ತಕ ನಿಮ್ಮ ಕೈಯಲ್ಲೇ ಇದೆ. ದೀಪದಿಂದ ದೀಪ ಹಚ್ಚಿಕೊಂಡರೆ ಮೊದಲನೆಯ ದೀಪ ಮಂಕಾಗುವುದಿಲ್ಲ. ಈ ಕಾರಣಕ್ಕೇ ನಕಲನ್ನು ಕಳವು ಎನ್ನುವುದು ತಪ್ಪು ಎಂದು ವಾದಿಸುವವರಿದ್ದಾರೆ. ಗಣಕಯಂತ್ರ, ಮೊಬೈಲು ಬಂದ ಮೇಲೆ ಈ ವಾದಕ್ಕೆ ಬಲ ಹೆಚ್ಚಿದೆ, ಏಕೆಂದರೆ ಈಗ ಒಂದು ಪ್ರತಿಗೂ ಹತ್ತು ಸಾವಿರ ಪ್ರತಿಗೂ ತಗಲುವ ಖರ್ಚು ಒಂದೇ, ಅಂದರೆ ಏನೂ ಇಲ್ಲ.

ಐರ್ಲೆಂಡಿನ ಕ್ರೈಸ್ತ ಪರಂಪರೆಯಲ್ಲಿ ಒಂದು ಹಳೆಯ ಕಥೆಯಿದೆ. ಆರನೆಯ ಶತಮಾನದಲ್ಲಿ ಸಂತ ಕೊಲಂಬನು ತನ್ನ ಗುರು ಸಂತ ಫಿನ್ನಿಯನನ ಕೀರ್ತನೆಗಳ ಗ್ರಂಥವನ್ನು ರಾತ್ರಿ ಹೊತ್ತು ಗುಟ್ಟಾಗಿ ನಕಲು ಮಾಡಿಕೊಂಡನಂತೆ. ಗುರುವಿಗೆ ಗೊತ್ತಾಗಿ ಜಗಳ ರಾಜನ ಮುಂದೆ ಹೋಯಿತು. ದನ ಸಾಕುವ ನಾಡಿನ ರಾಜ. ಹಸು ಯಾರದೋ ಕರುವೂ ಅವರದೇ, ಹಾಗೆಯೇ ಗ್ರಂಥ ಯಾರದೋ ನಕಲೂ ಅವರದೇ ಎಂದು ತೀರ್ಪಿತ್ತನಂತೆ. ಕೊಲಂಬನು ಒಪ್ಪಲಿಲ್ಲ. ಜಗಳ ಯುದ್ಧವಾಗಿ, ಹೆಣಗಳು ಬಿದ್ದವು ಎನ್ನುತ್ತದೆ ಕಥೆ. ಇತಿಹಾಸ ಎಷ್ಟು, ಕಲ್ಪನೆ ಎಷ್ಟು ಎಂಬುದು ಹಾಗಿರಲಿ. ಇಬ್ಬರೂ ಸಂತರೇ ಎಂಬುದನ್ನು ಗಮನಿಸಿ. ಆದರೆ ರಾಜನ ಹೋಲಿಕೆ ಸರಿಯೇ? ಕರುವಿಗೆ ಹಾಲು ಕೊಟ್ಟದ್ದು ಹಸು. ಆ ನಕಲಿಗೆ ರಾತ್ರಿಯೆಲ್ಲ ಕಣ್ಣು ಕೊಟ್ಟದ್ದು ಕೊಲಂಬನೇ. ಕೀರ್ತನೆಗಳನ್ನು ಮೊದಲು ರಚಿಸಿದವರು ಇಬ್ಬರೂ ಅಲ್ಲ.

ಹಾಗಾದರೆ ಬರೆದವನಿಗೆ ಏನೂ ಸಲ್ಲಬೇಕಾಗಿಲ್ಲವೇ? ದೀಪದಿಂದ ದೀಪ ಹಚ್ಚಿಕೊಳ್ಳುವಾಗ ಮೊದಲ ದೀಪಕ್ಕೆ ಎಣ್ಣೆ ಹೊಯ್ದವರು ಯಾರು ಎಂದು ಕೇಳಬೇಡವೇ?

ಇದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾವೇರಿಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರಿನ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರು. ಉಪಾಧ್ಯಾಯರಾಗಿದ್ದವರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು, ಅಗಡಿಯ ಆನಂದವನದಿಂದ 1907ರಲ್ಲಿ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು. ಅಚ್ಚಾದ ಪುಸ್ತಕಗಳನ್ನು ಗಂಟು ಕಟ್ಟಿ, ತಾವೇ ಹೊತ್ತು, ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಓದುವ ರುಚಿ ಹತ್ತಿದ್ದರಲ್ಲಿ ಆ ಗಂಟಿನ ಪಾಲು ದೊಡ್ಡದು. ಬಿಸಿಲಲ್ಲಿ ಗಂಟು ಹೊತ್ತು ಬರುವ ಆ ಮುದುಕರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮನೆಯ ಜಗಲಿಯ ಮೇಲೆ ಕುಳಿತವನೊಬ್ಬ, ‘ಬೇಡ ಸ್ವಾಮಿ, ಪಕ್ಕದ ಮನೆಯವರ ಪ್ರತಿ ನನ್ನ ಮೊಬೈಲಿಗೆ ಬಂದಿದೆ’ ಎಂದು ಹೇಳಿದರೆ ಹೇಗಿದ್ದೀತು? ಅವರಿಂದ ಏನನ್ನೂ ಕಸಿದುಕೊಂಡಿಲ್ಲ, ನಿಜ. ಗಂಟು ಮಾತ್ರ ಹಗುರಾಗಲಿಲ್ಲ.

ಕನ್ನಡದ ಪುಸ್ತಕ ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ. ಇನ್ನೂರು ರೂಪಾಯಿಯ ಪುಸ್ತಕಕ್ಕೆ ಲೇಖಕನಿಗೆ ನೂರಕ್ಕೆ ಹತ್ತರಂತೆ ಸಂಭಾವನೆ ಎಂದುಕೊಂಡರೆ, ಎಲ್ಲ ಪ್ರತಿಯೂ ಖರ್ಚಾದ ಮೇಲೆ 20,000 ರೂಪಾಯಿ. ಮೂರು ವರ್ಷ ಕೂತು ಬರೆದ ಕಾದಂಬರಿಗೆ. ಅದರ ಪಿಡಿಎಫ್ ಅನ್ನು ವಾಟ್ಸ್‌ಆಪ್ ಗುಂಪಿಗೆ ಹಾಕಿ ‘ಜ್ಞಾನ ಹಂಚಿದರೆ ಹೆಚ್ಚುತ್ತದೆ’ ಎಂದು ಕೆಳಗೆ ಬರೆಯುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಹಂಚುವವನು ತನ್ನದನ್ನು ಹಂಚಬೇಕಲ್ಲವೇ? ಇಲ್ಲಿಯೇ ನಾನು ಕಾನೂನು ಪ್ರಾಧ್ಯಾಪಕರಿಂದ ಸ್ವಲ್ಪ ದೂರ ನಿಲ್ಲುವುದು. ಪ್ರಾಧ್ಯಾಪಕರು ಬರೆದ ಲೇಖನಕ್ಕೆ ವಿಶ್ವವಿದ್ಯಾಲಯ ಸಂಬಳ ಕೊಟ್ಟಿರುತ್ತದೆ. ಹೆಚ್ಚು ಜನ ಓದಿದಷ್ಟೂ ಅವರಿಗೆ ಸಂತೋಷ. ದೆಹಲಿಯ ಪ್ರಕರಣದಲ್ಲಿ ಲೇಖಕರು ವಿದ್ಯಾರ್ಥಿಗಳ ಪರ ನಿಂತದ್ದು ದೊಡ್ಡ ಗುಣ, ಆದರೆ ಆ ದೊಡ್ಡ ಗುಣಕ್ಕೆ ತಿಂಗಳ ಕೊನೆಯ ಸಂಬಳದ ಆಧಾರವೂ ಇತ್ತು. ಗಂಟು ಹೊತ್ತವರಿಗೆ ಆ ಆಧಾರವಿಲ್ಲ.

ಸಂತ ಮತ್ತಾಯನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ತೆಗೆದು ನೋಡಿ. ಶಿಷ್ಯರನ್ನು ಊರುಗಳಿಗೆ ಕಳುಹಿಸುವಾಗ ಪ್ರಭು ಯೇಸು ಎಂಟನೆಯ ವಚನದಲ್ಲಿ, ಬೆಲೆಯಿಲ್ಲದೆ ಪಡೆದದ್ದನ್ನು ಬೆಲೆಯಿಲ್ಲದೆಯೇ ಕೊಡಲು ಹೇಳುತ್ತಾರೆ. ಎರಡೇ ವಚನಗಳ ನಂತರ, ಹತ್ತನೆಯದರಲ್ಲಿ, ದುಡಿಯುವವನಿಗೆ ಅವನ ಊಟ ಸಲ್ಲಬೇಕೆನ್ನುತ್ತಾರೆ. ನಾವು ಪ್ರಸಂಗ ಹೇಳುವವರು ಕಾಲಕ್ಕೆ ತಕ್ಕಂತೆ ಒಂದನ್ನು ಎತ್ತಿ ಇನ್ನೊಂದನ್ನು ಬಿಡುವುದುಂಟು. ಪಿಡಿಎಫ್ ಕಳುಹಿಸುವವನಿಗೆ ಎಂಟನೆಯ ವಚನ ಪ್ರಿಯ, ಪ್ರಕಾಶಕನಿಗೆ ಹತ್ತನೆಯದು. ಆದರೆ ಎರಡನ್ನೂ ಹೇಳಿದ್ದು ಒಂದೇ ಉಸಿರಿನಲ್ಲಿ, ಅದೂ ಅದೇ ಹನ್ನೆರಡು ಜನಕ್ಕೆ.

ಸಂತ ತೋಮಾಸ್ ಅಕ್ವಿನಾಸರು ಆಸ್ತಿಯ ಬಗ್ಗೆ ಹೇಳಿದ ಒಂದು ವಿಂಗಡಣೆ ಇಲ್ಲಿ ನನಗೆ ಬಹಳ ಸಹಾಯ ಮಾಡಿತು. ಸೆಮಿನರಿಯಲ್ಲಿ ಪರೀಕ್ಷೆಗೆಂದು ಓದಿ ಮರೆತಿದ್ದೆ. ಒಂದು ವಸ್ತುವನ್ನು ಗಳಿಸಿ ನೋಡಿಕೊಳ್ಳುವ ಅಧಿಕಾರ ಬೇರೆ, ಅದನ್ನು ಬಳಸುವುದು ಬೇರೆ ಎನ್ನುತ್ತಾರೆ ಅವರು. ಮನುಷ್ಯ ತನ್ನದನ್ನು ಹೆಚ್ಚು ಜೋಪಾನ ಮಾಡುತ್ತಾನೆ. ಎಲ್ಲರದೂ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಆದ್ದರಿಂದ ಖಾಸಗಿ ಒಡೆತನ ನ್ಯಾಯವೇ. ಆದರೆ ಬಳಕೆಯ ವಿಷಯ ಬಂದಾಗ, ಇಲ್ಲದವನಿಗೆ ಕೊಡಲು ಸಿದ್ಧನಿರುವಂತೆ, ಅದು ಎಲ್ಲರದೂ ಎಂದೇ ಇಟ್ಟುಕೊಳ್ಳಬೇಕು. ಪ್ರಾಣ ಹೋಗುವಂಥ ಅಗತ್ಯದಲ್ಲಿ ತೆಗೆದುಕೊಂಡದ್ದು ಕಳವೇ ಅಲ್ಲ ಎಂದೂ ಹೇಳುತ್ತಾರೆ. ಪಠ್ಯಪುಸ್ತಕ ರೊಟ್ಟಿಯಲ್ಲ, ಒಪ್ಪುತ್ತೇನೆ. ಅದಿಲ್ಲದೆ ಯಾರೂ ಸಾಯುವುದಿಲ್ಲ. ಆದರೆ ಕ್ರಾಸಿಂಗ್ ಹೊಲದಿಂದ ಮಗಳು ಆಚೆ ಬರುವ ದಾರಿ ಅದೊಂದೇ ಎಂದಿದ್ದರೆ? ಅದನ್ನು ತೀರ ಬೇಡದ ವಸ್ತುವೆಂದೂ ಹೇಳಲಾರೆ.

ಈ ವಿಂಗಡಣೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಒಡೆತನಕ್ಕೆ ಸಮರ್ಥನೆ ಇರುವುದು ಅದರ ಫಲದಲ್ಲಿ. ಗ್ರಂಥಸ್ವಾಮ್ಯವೂ ಹಾಗೆಯೇ ಹುಟ್ಟಿದ್ದು. 1710ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೊದಲ ಕಾಯ್ದೆ ವಿದ್ಯೆಯ ಪ್ರೋತ್ಸಾಹಕ್ಕೆಂದೇ ಬಂತು; ಹೊಸ ಪುಸ್ತಕಕ್ಕೆ ಅದು ಕೊಟ್ಟ ಅವಧಿ 14 ವರ್ಷ, ಆಗಲೂ ಲೇಖಕ ಬದುಕಿದ್ದರೆ ಇನ್ನೊಂದು 14 ವರ್ಷ. ಈಗ ನಮ್ಮ ದೇಶದಲ್ಲಿ ಎಷ್ಟು ಗೊತ್ತೇ? ಲೇಖಕ ತೀರಿಕೊಂಡ ಮೇಲೆ 60 ವರ್ಷ.

ಈ ಅರವತ್ತರ ಹಿಂದೆ ಒಂದು ಕಥೆಯಿದೆ. 1957ರ ನಮ್ಮ ಕಾಯ್ದೆಯಲ್ಲಿ ಅದು 50 ವರ್ಷವಾಗಿತ್ತು. ರವೀಂದ್ರನಾಥ ಠಾಕೂರರು ತೀರಿಕೊಂಡದ್ದು 1941ರಲ್ಲಿ. 1991ರ ಕೊನೆಗೆ ಅವರ ಕೃತಿಗಳ ಹಕ್ಕು ವಿಶ್ವಭಾರತಿಯ ಕೈತಪ್ಪುವುದಿತ್ತು. ಆ ಹೊತ್ತಿಗೆ ಸರ್ಕಾರ ಅವಸರವಾಗಿ 50ನ್ನು 60 ಮಾಡಿತು. ಒಬ್ಬ ಕವಿಗಾಗಿ ಇಡೀ ದೇಶದ ಬೇಲಿ ಹತ್ತು ವರ್ಷ ಮುಂದಕ್ಕೆ ಸರಿಯಿತು. ನಮ್ಮ ಗಳಗನಾಥರು ತೀರಿಕೊಂಡದ್ದು 1942ರಲ್ಲಿ. ಹಳೆಯ ಲೆಕ್ಕದಲ್ಲಿ 1992ರ ಕೊನೆಗೆ ಅವರ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಿತ್ತು. ಠಾಕೂರರ ದೆಸೆಯಿಂದ 2002ರ ಕೊನೆಯವರೆಗೆ ಕಾಯಬೇಕಾಯಿತು. ಹಕ್ಕು ಹೆಚ್ಚಿದರೆ ಲೇಖಕರು ಹೆಚ್ಚು ಬರೆಯುತ್ತಾರೆ ಎನ್ನುವುದು ಇಂಥ ಕಾಯ್ದೆಗಳ ಹಿಂದಿನ ತರ್ಕ. ಐವತ್ತು ವರ್ಷದ ಹಿಂದೆ ತೀರಿಕೊಂಡ ಗಳಗನಾಥರು ಈ ಉತ್ತೇಜನದಿಂದ ಇನ್ನೊಂದು ಕಾದಂಬರಿ ಬರೆದುಕೊಡಲಿಲ್ಲ.

ಅಮೆರಿಕದಲ್ಲಿಯೂ 1998ರಲ್ಲಿ ಅವಧಿಯನ್ನು 20 ವರ್ಷ ಹೆಚ್ಚಿಸಿದರು. ಲಾರೆನ್ಸ್ ಲೆಸ್ಸಿಗ್ ಎಂಬ ಕಾನೂನು ಪ್ರಾಧ್ಯಾಪಕರು ಅದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿ 2003ರಲ್ಲಿ ಸೋತರು. ಆದರೆ ಸೋಲುವ ಮೊದಲೇ ಅವರೂ ಗೆಳೆಯರೂ ಸೇರಿ 2001ರಲ್ಲಿ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಂಸ್ಥೆ ಹುಟ್ಟುಹಾಕಿದ್ದರು. ಅದರ ಉಪಾಯ ಸರಳ. ಕಾನೂನು ಬದಲಾಗುವವರೆಗೆ ಕಾಯಬೇಡಿ. ಬರೆದವರೇ ತಮ್ಮ ಬೇಲಿಯಲ್ಲಿ ಒಂದು ಗೇಟು ಮಾಡಿ, ‘ನನ್ನ ಹೆಸರು ಹೇಳಿ ಬಳಸಿಕೊಳ್ಳಿ’ ಎಂದು ಬರೆದು ಹಾಕಲಿ ಎಂಬುದು. ಕನ್ನಡದಲ್ಲಿಯೂ ಇದು ನಡೆದಿದೆ. 2014ರಲ್ಲಿ ಕಾದಂಬರಿಕಾರ ನಿರಂಜನರ ಕುಟುಂಬದವರು ಅವರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಹೀಗೆ ಎಲ್ಲರಿಗೂ ತೆರೆದಿಟ್ಟರು. ಕಾಸರಗೋಡಿನ ಕಯ್ಯೂರಿನ ರೈತರ ಕಥೆಯಾದ ‘ಚಿರಸ್ಮರಣೆ’ಯನ್ನು ಬರೆದವರು ಅವರು, 1943ರಲ್ಲಿ ನೇಣಿಗೇರಿದ ನಾಲ್ವರು ಯುವಕರ ನೆನಪು ಅದು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ತೆರೆದದ್ದೂ ಅದೇ ವರ್ಷ. ಯಾರೂ ಕಸಿಯಲಿಲ್ಲ, ಕೊಟ್ಟರು. ಕದ್ದು ಹಂಚುವುದಕ್ಕೂ ಒಡೆಯನೇ ಬಾಗಿಲು ತೆಗೆಯುವುದಕ್ಕೂ ಇರುವ ಅಂತರವನ್ನು ನಮ್ಮ ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕೋಟದ ಶಿವರಾಮ ಕಾರಂತರ ಯಕ್ಷಗಾನದ ವ್ಯಾಜ್ಯವೂ ನೆನಪಾಗುತ್ತದೆ. ಯಕ್ಷಗಾನ ಯಾರೊಬ್ಬರ ಆಸ್ತಿಯೂ ಅಲ್ಲ. ಕಾರಂತರು ಅದನ್ನು ತಮ್ಮ ಕಲ್ಪನೆಯಿಂದ ತಿದ್ದಿ ಹೊಸ ನೃತ್ಯರೂಪಕಗಳನ್ನು ಕಟ್ಟಿದರು. 1994ರ ಉಯಿಲಿನಲ್ಲಿ ತಮ್ಮ ಹಕ್ಕುಗಳನ್ನು ಮಾಲಿನಿ ಮಲ್ಯರಿಗೆ ಬರೆದರು. ಮಣಿಪಾಲದ ಸಂಸ್ಥೆಯೊಂದಿಗೆ ಮೊಕದ್ದಮೆ ನಡೆದು 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮಲ್ಯರ ಹಕ್ಕನ್ನು ಮಾನ್ಯ ಮಾಡಿತು. ಆದರೆ ಶಿಕ್ಷಣ ಸಂಸ್ಥೆ ಹಣದಾಸೆಯಿಲ್ಲದೆ ಪ್ರದರ್ಶಿಸುವುದಕ್ಕೆ ಕಾಯ್ದೆಯಲ್ಲಿರುವ ವಿನಾಯಿತಿಯನ್ನೂ ನೆನಪಿಸಿತು. ಕಾರಂತರು ಸೇರಿಸಿದ್ದು ಅವರದು, ಅವರಿಗೂ ಮೊದಲೇ ಇದ್ದದ್ದು ಎಲ್ಲರದು. ಗೆರೆ ಎಲ್ಲಿ ಎಂದು ಹೇಳುವುದೇ ಕಷ್ಟ.

ಆ ಕಾಯ್ದೆಗೆ ಕರುಣೆಯೇ ಇಲ್ಲವೆಂದು ತಿಳಿಯಬೇಡಿ. 2012ರ ತಿದ್ದುಪಡಿಯಿಂದ ಅಂಧರಿಗಾಗಿ ಯಾವ ಪುಸ್ತಕವನ್ನೂ ಅವರು ಓದಬಲ್ಲ ರೂಪಕ್ಕೆ ತರಬಹುದು, ಅಪ್ಪಣೆ ಬೇಕಿಲ್ಲ. ಇದೇ ಉದ್ದೇಶದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದನೆ ಕೊಟ್ಟ ದೇಶ ನಮ್ಮದು. ಕಣ್ಣಿಲ್ಲದವನಿಗೆ ತೆರೆದ ಬಾಗಿಲು ಕಾಸಿಲ್ಲದವನಿಗೆ ಏಕೆ ಅರ್ಧ ಮುಚ್ಚಿದೆ ಎಂದು ಕೇಳಿದರೆ ತಪ್ಪಾದೀತೇ?

ಇನ್ನೊಂದು ಎಚ್ಚರ. ‘ಹಕ್ಕುಸ್ವಾಮ್ಯ ಸಡಿಲವಾಗಲಿ’ ಎಂಬ ಕೂಗನ್ನು ಮೊದಲು ಎಬ್ಬಿಸಿದ್ದು ಬಡ ವಿದ್ಯಾರ್ಥಿಯ ಪರವಾಗಿ. ಈಗ ಅದೇ ಕೂಗನ್ನು ಲೋಕದ ಅತಿ ಶ್ರೀಮಂತ ಕಂಪನಿಗಳೂ ಎರವಲು ಪಡೆದಿವೆ. ಕೃತಕ ಬುದ್ಧಿಯ ಯಂತ್ರಗಳಿಗೆ ಕಲಿಸಲು ಕೋಟ್ಯಂತರ ಪುಟಗಳನ್ನು ಅವು ಕೇಳದೆ ತುಂಬಿಕೊಂಡಿವೆ ಎಂಬ ಆರೋಪವಿದೆ. 2024ರ ನವೆಂಬರ್‌ನಲ್ಲಿ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ಮೇಲೆ ಅದೇ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಹಸಿದವನಿಗೆಂದು ಬೇಲಿಯಲ್ಲಿ ಮಾಡಿದ ಸಂದಿಯಲ್ಲಿ ಆನೆಯೂ ನುಗ್ಗಲು ನೋಡುತ್ತದೆ. ಅದಕ್ಕಾಗಿ ಸಂದಿಯನ್ನೇ ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಯಾರು, ಏಕೆ, ಎಷ್ಟು ಎಂದು ಕೇಳದೆ ‘ನಕಲು’ ಎಂಬ ಒಂದೇ ಹೆಸರಿನಿಂದ ಎಲ್ಲವನ್ನೂ ಕರೆದರೆ ನ್ಯಾಯ ತಪ್ಪುತ್ತದೆ ಎನ್ನುತ್ತೇನೆ, ಅಷ್ಟೆ.

ಈಗ ಐರಣಿಯ ತಾಯಿಗೆ ನನ್ನ ಉತ್ತರ.

ಅಮ್ಮಾ, ನಿಮ್ಮ ಮಗಳು ಓದುವುದಕ್ಕೆಂದು ಮಾಡಿಸಿದ ಆ ಒಂದು ಪ್ರತಿಯನ್ನು ನಾನು ಪಾಪವೆಂದು ಕರೆಯಲಾರೆ. 800 ರೂಪಾಯಿ ನಿಮ್ಮ ಮನೆಯಲ್ಲಿ ಇರಲಿಲ್ಲ. ಆ ಜೆರಾಕ್ಸ್ ಇಲ್ಲದಿದ್ದರೆ ಪ್ರಕಾಶಕನಿಗೆ 800 ಬರುತ್ತಲೂ ಇರಲಿಲ್ಲ, ಮಗಳಿಗೆ ಓದೂ ಇರುತ್ತಿರಲಿಲ್ಲ. ಕಾಲೇಜಿನ ಗ್ರಂಥಾಲಯದಲ್ಲಿ ಹತ್ತು ಪ್ರತಿ ಇಡಬೇಕಾದವರು ಒಂದನ್ನು ಇಟ್ಟು ಬೀಗ ಹಾಕಿದ್ದರೆ, ಮೊದಲ ತಪ್ಪು ನಿಮ್ಮ ಮಗಳದಲ್ಲ. ಆದರೆ ಆ ಪ್ರತಿಯನ್ನು ಇನ್ನೂ ಇಪ್ಪತ್ತು ಮಾಡಿಸಿ ಲಾಭಕ್ಕೆ ಮಾರಿದರೆ ಅದನ್ನು ಕಳವೆಂದೇ ಕರೆಯುತ್ತೇನೆ. ಮತ್ತು ಮುಂದೆ ಅವಳಿಗೆ ಸಂಬಳ ಬಂದ ದಿನವೂ ಜೆರಾಕ್ಸ್ ಅಂಗಡಿಗೇ ಹೋದರೆ, ಇಂದಿನ ನೆಪ ಅಂದು ನಡೆಯುವುದಿಲ್ಲ. ನೂರೈವತ್ತು ರೂಪಾಯಿಯ ಕನ್ನಡ ಕಥಾಸಂಕಲನದ ಪಿಡಿಎಫ್ ಹುಡುಕುವ ನಮ್ಮಂಥ ಸಂಬಳದವರಿಗೆ, ಗುರುಗಳನ್ನೂ ಸೇರಿಸಿ, ಆ ನೆಪ ಇಂದೂ ಇಲ್ಲ. ಗಾಯನ ವೃಂದದ ಪುಸ್ತಕದ ವಿಷಯದಲ್ಲಿ ನಾನೀಗ ಹಾಡು ಬರೆದವರಿಗೆ ಪತ್ರ ಬರೆಯತೊಡಗಿದ್ದೇನೆ. ಇಬ್ಬರು ಉತ್ತರಿಸಿದ್ದಾರೆ, ಹಣ ಬೇಡ, ಹೆಸರು ಹಾಕಿ ಎಂದಿದ್ದಾರೆ.

ಇದನ್ನೆಲ್ಲ ಅವರಿಗೆ ಓದಿ ಹೇಳಿದೆ. ಸಮಾಧಾನದಿಂದ ಕೇಳಿದರು. ಆಮೇಲೆ, “ಹಂಗಾರ ಬೀಜದ್ದು?” ಎಂದರು.

ಬೀಜದ ಕಾಯ್ದೆ ನಿಜವಾಗಿ ಪುಸ್ತಕದ ಕಾಯ್ದೆಗಿಂತ ಉದಾರವಾಗಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ನೆರೆಯವನಿಗೆ ಕೊಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ. ಹಂಚಿಕೊಳ್ಳುವುದಕ್ಕೂ ವ್ಯಾಪಾರಕ್ಕೂ ನಡುವೆ ನಾನು ಎಳೆಯಲು ಹೆಣಗುತ್ತಿದ್ದ ಗೆರೆಯನ್ನು ಅದು ಒಂದೇ ಕಲಮಿನಲ್ಲಿ ಎಳೆದಿದೆ. ಆದರೆ ನಂಬಿ ಒಪ್ಪಿಸಿದ ತಂದೆಬೀಜ, ತಾಯಿಬೀಜದ ಮಾತು ಬೇರೆ. ಅಲ್ಲಿ ನೀವು ಕರಾರಿಗೆ ಕೈ ಕೊಟ್ಟಿದ್ದೀರಿ, ಕೊಟ್ಟ ಮಾತಿದೆ ಎಂದೆ. “ಕೂಲಿ ಕೊಡಾಕ ಅವರೂ ಮಾತು ಕೊಟ್ಟಿರ್ತಾರ್ರೀ” ಎಂದರು ಆಕೆ. ಹತ್ತನೆಯ ವಚನ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹೊರಡುವಾಗ ಮಗಳು ಆ ಪುಸ್ತಕ ತಂದು ತೋರಿಸಿದಳು. ಪರೀಕ್ಷೆ ಮುಗಿದಿದೆ, ಊರಿನ ಇನ್ನೊಬ್ಬ ಹುಡುಗಿಗೆ ಕೊಡುತ್ತಾಳಂತೆ. ಎರಡು ಪುಟ ಉಳಿಸಲೆಂದು ಅಂಗಡಿಯವನು ಶೀರ್ಷಿಕೆಯ ಹಾಳೆಯನ್ನೇ ಬಿಟ್ಟಿದ್ದ. ಮೊದಲ ಪುಟದ ಮೇಲಂಚಿನಲ್ಲಿ ಅವಳೇ ನೀಲಿ ಬಾಲ್‌ಪೆನ್ನಿನಲ್ಲಿ ಪುಸ್ತಕದ ಹೆಸರು, ಕೆಳಗೆ ಬರೆದವರ ಹೆಸರು ಬರೆದಿಟ್ಟಿದ್ದಾಳೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದೆ.